ರಜಿಯಾಳ ಪಾಲಿನ ಸಿಹಿ

ಜಂಬದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಮುಗಿಯುವ ಹೊತ್ತಿಗೆ ಅದನ್ನು ಹೇಳುವ ಮುಖ ನನಗಿರುವುದಿಲ್ಲ. ಲಾಕ್‌ಡೌನಿನ ತಿಂಗಳುಗಳನ್ನು ಬಿಟ್ಟರೆ ಹತ್ತು ವರ್ಷ ಕಾಲ, ಪ್ರತಿ ತಿಂಗಳ ಮೊದಲ ಶನಿವಾರ, ನಾನೂ ರಜಿಯಾಳೂ ಮುಂಬೈಯ ಯಾವುದಾದರೊಂದು ಹೊಸ ರೆಸ್ಟೋರೆಂಟಿನಲ್ಲಿ ಊಟ ಮಾಡಿದ್ದೇವೆ. ಕೊಲಾಬಾದಲ್ಲಿ ಸಮುದ್ರ ಕಾಣುವ ಕಿಟಕಿ, ಬಾಂದ್ರಾದ ಹಳೇ ಬಂಗಲೆಗಳೊಳಗಿನ ಕೆಫೆ, ಪರೇಲ್‌ನ ಮಿಲ್ಲಿನ ಗೋಡೆ ಕೆರೆದು ಇಟ್ಟಿಗೆ ಕಾಣಿಸಿ ಹಳದಿ ಬಲ್ಬು ತೂಗುಹಾಕಿದ ಹೋಟೆಲು, ಯಾವುದನ್ನೂ ಬಿಟ್ಟವರಲ್ಲ. ವರ್ಷಕ್ಕೆರಡು ಸಲ ಲೋಣಾವಳ, ಅಲಿಬಾಗ್, ಮಹಾಬಳೇಶ್ವರ. ಗಂಡಂದಿರಿಲ್ಲ, ಮಕ್ಕಳಿಲ್ಲ, ಟಿಫಿನ್ ಡಬ್ಬಿಯಿಲ್ಲ. ಯಾರು ಯಾವ ಬಣ್ಣ ಉಡುವುದೆಂದು ಬುಧವಾರವೇ ತೀರ್ಮಾನವಾಗಿರುತ್ತಿತ್ತು. ಐವತ್ತರ ಆಸುಪಾಸಿನ ಇಬ್ಬರು ಹೆಂಗಸರು ತಂಪು ಕನ್ನಡಕ ಹಾಕಿಕೊಂಡು ಲೋಕಲ್‌ನಿಂದ ಇಳಿಯುವುದನ್ನು ನೋಡಿ ಕಾಲೇಜು ಹುಡುಗಿಯರು ಮೊಣಕೈಯಲ್ಲಿ ತಿವಿದುಕೊಳ್ಳುತ್ತಿದ್ದರು. ಅವರು ನಕ್ಕರೋ ಮೆಚ್ಚಿದರೋ ಗೊತ್ತಿಲ್ಲ. ಮೆಚ್ಚಿದರೆಂದೇ ನಾನು ತಿಳಿದುಕೊಂಡೆ.

ನಾನು ವನಮಾಲಾ. ಹುಟ್ಟಿದ್ದು ಮೈಸೂರು, ಮದುವೆಯಾಗಿ ಮಾಟುಂಗಕ್ಕೆ ಬಂದು ಇಪ್ಪತ್ತೇಳು ವರ್ಷ. ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಸಿಬ್ಬಂದಿ ವಿಭಾಗದ ಕೆಲಸ. ಯಾರು ಸೇರಿದರು, ಯಾರು ಬಿಟ್ಟರು, ಯಾರನ್ನು ಎಲ್ಲಿಂದ ಎಲ್ಲಿಗೆ ಹಾಕುವುದು ಎಂಬ ಕಾಗದಗಳೆಲ್ಲ ನನ್ನ ಮೇಜಿನ ಮೇಲೇ ಹಾದುಹೋಗಬೇಕು. ರಜಿಯಾ ಅದೇ ಆಸ್ಪತ್ರೆಯ ಅಡುಗೆಮನೆಯ ಸೂಪರ್‌ವೈಸರ್. ವಿಜಯಪುರದ ಕಡೆಯವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಗಂಡ ನಿಜಾಮುದ್ದೀನನಿಗೆ ಕಾಂದಿವಲಿಯಲ್ಲಿ ಗ್ಯಾರೇಜು. ಒಂದು ದಿನ ನಾನು ಲಿಫ್ಟಿನಲ್ಲಿ ಫೋನು ಹಿಡಿದು ಗಂಡನಿಗೆ ಅಚ್ಚ ಮೈಸೂರು ಕನ್ನಡದಲ್ಲಿ ಮಂಗಳಾರತಿ ಮಾಡುತ್ತಿದ್ದೆ. ಮೂಲೆಯಲ್ಲಿ ಬಿಳಿ ಏಪ್ರನ್ ತೊಟ್ಟು ನಿಂತಿದ್ದ ಹೆಂಗಸು, ಫೋನು ಇಟ್ಟ ಮೇಲೆ, "ನೀವು ಕನ್ನಡದವ್ರೇನ್ರಿ? ಇಷ್ಟ ಚಂದ ಬೈಯೂದು ಕೇಳಿ ಭಾಳ ದಿನಾ ಆಗಿತ್ರಿ" ಅಂದಳು. ಹೀಗೆ ಶುರುವಾಯಿತು ನಮ್ಮ ಗೆಳೆತನ.

ಅವಳ ನಾಲಿಗೆಯ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಮೊಟ್ಟಮೊದಲ ಶನಿವಾರವೇ ಇರಬೇಕು, ಫೋರ್ಟಿನ ಒಂದು ದೊಡ್ಡ ಹೋಟೆಲಿಗೆ ಹೋಗಿದ್ದೆವು. ಎಲ್ಲರೂ ಹಾಡಿ ಹೊಗಳುವ ಅಲ್ಲಿನ ದಾಲ್ ಒಂದು ಚಮಚ ಬಾಯಿಗಿಟ್ಟು ರಜಿಯಾ ಕಣ್ಣು ಮುಚ್ಚಿದಳು. "ಅಕ್ಕಾ, ಒಗ್ಗರಣ್ಯಾಗ ಜೀರಗಿ ಹೊತ್ತೈತ್ರಿ. ಅದನ್ನ ಮುಚ್ಚಾಕ ಮ್ಯಾಲ ಬೆಣ್ಣಿ ತೇಲಿಬಿಟ್ಟಾರ" ಅಂದಳು. ನನಗೆ ಸುಮ್ಮನಿರಲು ಬರುತ್ತದೆಯೇ? ವೇಟರನ್ನು ಕರೆದು ಹೇಳಿದೆ. ಒಳಗಿನಿಂದ ಬಾಣಸಿಗನೇ ಬಂದು, ರಜಿಯಾಳ ಮುಖ ನೋಡಿ, ಮರಾಠಿಯಲ್ಲಿ ತಪ್ಪಾಯಿತೆಂದು ಕೈಮುಗಿದು ಹೋದ. ಆ ದಿನವೇ ನನಗೆ ಅಂಕಣದ ಹುಚ್ಚು ಹತ್ತಿದ್ದು.

ಮಾಟುಂಗದ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ನಾನು 'ಊಟ ಬಲ್ಲವರು' ಎಂದು ಬರೆಯತೊಡಗಿದೆ. ಗಾದೆಯಲ್ಲಿ ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಎರಡು ಅರ್ಧಗಳಿವೆ. ನಾನು ಮೊದಲರ್ಧವನ್ನಷ್ಟೇ ಎತ್ತಿಕೊಂಡೆ. ದೀಪ ಹೇಗಿತ್ತು, ಕುರ್ಚಿಗೆ ಯಾವ ಬಟ್ಟೆ ಹೊದಿಸಿದ್ದರು, ಎದುರು ಮೇಜಿನ ಹುಡುಗಿ ಎಂಥ ಬೂಟು ಹಾಕಿದ್ದಳು, ಇದೆಲ್ಲ ನನ್ನದು. ರುಚಿಯ ಮಾತು ಮಾತ್ರ ರಜಿಯಾಳದು. ಪ್ರತಿ ಅಂಕಣದ ಕೊನೆಗೆ 'ನನ್ನ ಗೆಳತಿ ಹೇಳಿದಳು' ಎಂದು ಅವಳದೊಂದು ವಾಕ್ಯ. ಜನ ಓದುತ್ತಿದ್ದುದು ಆ ವಾಕ್ಯಕ್ಕಾಗಿ. ಸಂಘದ ಕಾರ್ಯದರ್ಶಿ ಸಂಗಪ್ಪನವರು ಅದನ್ನು ನನ್ನ ಮುಖಕ್ಕೇ ಹೇಳಿದ್ದರು. ನಾನು ನಕ್ಕು ತೇಲಿಸಿಬಿಟ್ಟೆ. ಎರಡು ದಿನ ಹೊಟ್ಟೆಯಲ್ಲಿ ಉರಿದದ್ದಂತೂ ನಿಜ.

ಇನ್ನು ನಮ್ಮ ನಿಯಮದ ವಿಷಯ. ನಮ್ಮ ನಿಯಮ ಅನ್ನುವುದು ಸುಳ್ಳು, ಅದು ನನ್ನದು.

ನಾವು ಜೊತೆಯಾದ ಮೊದಲ ವರ್ಷ ನನ್ನ ಸಂಸಾರ ಮುರಿದು ಬೀಳುವ ಹಾಗಿತ್ತು. ನನ್ನ ಗಂಡ ವಸಿಷ್ಠ ಬೆಂಗಳೂರಿಗೆ ವರ್ಗ ಮಾಡಿಸಿಕೊಂಡು ಹೋಗಿ ತಿಂಗಳುಗಟ್ಟಲೆ ಬಾರದೆ ಕೂತಿದ್ದ. ಅಲ್ಲಿ ಯಾರೋ ಇದ್ದಾಳೆ ಎಂದು ಕಿವಿಗೆ ಬಿದ್ದಿತ್ತು. ಅವನು ವಾಪಸು ಬರುತ್ತಾನೋ ಇಲ್ಲವೋ ತಿಳಿಯದೆ ನಾನು ಒದ್ದಾಡಿದ ಹನ್ನೊಂದು ತಿಂಗಳು, ಹನ್ನೊಂದು ಶನಿವಾರ, ರಜಿಯಾ ನನ್ನೆದುರು ಕೂತು ಕೇಳಿದಳು. ತಟ್ಟೆಯಲ್ಲಿದ್ದುದು ಆರಿ ತಣ್ಣಗಾದರೂ ಚಮಚ ಎತ್ತುತ್ತಿರಲಿಲ್ಲ. ಹಾಗೆ ಮಾಡಿ, ಹೀಗೆ ಮಾಡಿ ಅಂತ ಬುದ್ಧಿ ಹೇಳಲಿಲ್ಲ. ನಾನು ಅತ್ತರೆ ನೀರಿನ ಗ್ಲಾಸು ನನ್ನ ಕಡೆ ಸರಿಸುತ್ತಿದ್ದಳು, ಅಷ್ಟೇ. ಕೊನೆಗೆ ವಸಿಷ್ಠ ಬಂದ. ಬಂದವನು ಇದ್ದ. ಮನೆ ಮತ್ತೆ ಮನೆಯಾಯಿತು.

ಅವನು ಬಂದ ಮುಂದಿನ ತಿಂಗಳೇ ನಾನು ನಿಯಮ ಮಾಡಿದೆ. "ರಜಿಯಾ, ಇನ್ಮೇಲೆ ಮನೆ ಮಾತು ಮೇಜಿಗಿಲ್ಲ ಕಣೆ. ತಿಂಗಳಿಗೊಂದು ದಿನ ಆಚೆ ಬರೋದು, ಅವತ್ತೂ ಅದೇ ಗೋಳಾದ್ರೆ ಹೇಗೆ? ಊಟ, ಬಟ್ಟೆ, ಮುಂದಿನ ಟ್ರಿಪ್ಪು. ಇಷ್ಟೇ. ಯಾರು ಮನೆ ಮಾತು ಎತ್ತಿದ್ರೋ ಅವರ ಪಾಲಿನ ಸ್ವೀಟು ಇನ್ನೊಬ್ಬರಿಗೆ. ಆಫೀಸು ಮಾತೂ ಮನೆ ಮಾತೇ."

ರಜಿಯಾ ನಕ್ಕು, "ಆತ್ರಿ, ನೀವು ಹೇಳಿದಂಗ" ಅಂದಳು.

ನನ್ನ ಮಾತೆಲ್ಲ ಆಡಿ ಮುಗಿದ ಮೇಲೆ ನಾನು ಅವಳ ಬಾಯಿಗೆ ಬೀಗ ಹಾಕಿದೆ ಎಂಬುದು ಆ ದಿನ ನನಗೆ ಹೊಳೆಯಲೇ ಇಲ್ಲ. ಹೊಳೆಯಲು ಒಂಬತ್ತು ವರ್ಷ ಬೇಕಾಯಿತು.

ಆ ನಿಯಮವನ್ನು ಅವಳು ಮುರಿದದ್ದು ಮೂರೇ ಸಲ. ಮೂರೂ ಈಚಿನ ಮೂರು ವರ್ಷಗಳಲ್ಲಿ. ಆ ಮೂರು ಮೇಜುಗಳು ಈಗ ನನಗೆ ಚೆನ್ನಾಗಿ ನೆನಪಿವೆ. ನೆನಪಿಡಬೇಕಾದ ಹೊತ್ತಿನಲ್ಲಿ ಮಾತ್ರ ನೆನಪಿರಲಿಲ್ಲ.

ಮೊದಲನೆಯದು ಬಾಂದ್ರಾದಲ್ಲಿ, ಮಳೆಗಾಲ. ಅದಕ್ಕೆ ನಾಲ್ಕೈದು ತಿಂಗಳ ಹಿಂದೆ ಅವಳಿಗೆ ಜ್ವರ ಬಂದು ಹದಿನೈದು ದಿನ ಮನೆಯಲ್ಲಿದ್ದಳು. ಆಗ ಊರಿಗೆಲ್ಲ ಬರುತ್ತಿದ್ದ ಜ್ವರವೇ, ನನಗೂ ಬಂದು ಹೋಗಿತ್ತು. ಕೊನೆಗೆ ಸಿಹಿಗೆಂದು ತಿರಮಿಸು ತಂದಿಟ್ಟರು. ನಾನು ಫೋಟೋ ತೆಗೆಯುತ್ತಿದ್ದೆ. ರಜಿಯಾ, "ಅಕ್ಕಾ, ಮನ್ಯಾಗ ಒಂದ ಮಾತೈತ್ರಿ. ಯಾರಿಗೂ ಹೇಳಿಲ್ಲ" ಅಂದಳು. ನಾನು ಬೆರಳೆತ್ತಿ, "ದಂಡ! ದಂಡ!" ಎಂದು ಕೂಗಿದೆ. ಅವಳು ತಟ್ಟನೆ ನಕ್ಕು ತನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನಾನು ಎರಡೂ ತಿಂದೆ.

ಎರಡನೆಯದು ಫೋರ್ಟಿನಲ್ಲಿ. "ಕಿಚನ್‌ನ್ಯಾಗ ನನಗ ಈಗ ಸ್ವಲ್ಪ ಕಷ್ಟ ಆಗಾಕ ಹತ್ತೈತಿ" ಎಂದು ಶುರುಮಾಡಿದಳು. ಆಫೀಸು ಮಾತೂ ಮನೆ ಮಾತೇ ಅಂದೆ. ಕುಲ್ಫಿ ನನ್ನ ಪಾಲಾಯಿತು.

ಮೂರನೆಯದು ಲೋಣಾವಳದಲ್ಲಿ, ಒಂದು ರಿಸಾರ್ಟಿನ ತಾರಸಿಯ ಮೇಲೆ. ಮಂಜು ಕಣಿವೆಯಿಂದ ಎದ್ದು ಮೇಜಿನ ತನಕ ಬಂದಿತ್ತು. ನಾವಿಬ್ಬರೂ ಗಿಳಿಹಸಿರು ಉಟ್ಟಿದ್ದೆವು. ಅವಳು, "ಇವತ್ತೊಂದಿನ ನಿಮ್ಮ ರೂಲ್ ಬಾಜೂಕಿಡ್ತೀರೇನ್ರಿ?" ಎಂದು ಕೇಳಿದಳು. "ಇಷ್ಟು ಚೆನ್ನಾಗಿರೋ ಜಾಗದಲ್ಲಿ ಅದೆಲ್ಲ ಬೇಡ ಕಣೆ, ಇಳಿದ ಮೇಲೆ ಹೇಳು" ಅಂದೆ. ಇಳಿದ ಮೇಲೆ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚೀಸ್‌ಕೇಕಿನ ಅವಳ ತುಂಡು ಬಹಳ ಚೆನ್ನಾಗಿತ್ತೆಂದು ಅಂಕಣದಲ್ಲಿ ಬರೆದೆ.

ಹೋದ ನವೆಂಬರಿನಲ್ಲಿ ಅವಳ ರಾಜೀನಾಮೆ ನನ್ನ ಮೇಜಿಗೆ ಬಂತು. ಕಾರಣ: ವೈಯಕ್ತಿಕ. ಹತ್ತೊಂಬತ್ತು ವರ್ಷದ ನೌಕರಿ, ಒಂದು ಸಾಲಿನ ಕಾಗದ. ನಾನು ಮೊಹರು ಒತ್ತಿ ಮುಂದಕ್ಕೆ ಕಳಿಸಿದೆ. ಸಾಕಾಗಿರಬೇಕು, ಮಗಳು ಶಿರೀನ್ ಕೆಲಸಕ್ಕೆ ಸೇರಿದ್ದಾಳಲ್ಲ, ಆರಾಮಾಗಿರಲಿ ಎಂದುಕೊಂಡೆ. ಆ ಶನಿವಾರ ಸಿಕ್ಕಾಗ, "ಇನ್ನು ನಿನಗೆ ಟ್ರಿಪ್ಪಿಗೆ ರಜಾ ಹಾಕೋ ತಾಪತ್ರಯ ಇಲ್ಲ" ಅಂದೆ. ಅವಳು ಹೂಂ ಅಂದಳು.

ಜನವರಿಯಲ್ಲಿ ಜಗಳವಾಯಿತು. ನಮ್ಮ ಶನಿವಾರಗಳಿಗೆ ಹತ್ತು ವರ್ಷ ತುಂಬಿತೆಂದು ನಾನು ಉದಯಪುರಕ್ಕೆ ನಾಲ್ಕು ದಿನದ ಪ್ರವಾಸ ಹಾಕಿಕೊಂಡಿದ್ದೆ. ಕೆರೆಯ ದಂಡೆಯ ಹೋಟೆಲು, ಅರಮನೆ ಅಡುಗೆಯ ಥಾಲಿ. ಪತ್ರಿಕೆಯ ಯುಗಾದಿ ಸಂಚಿಕೆಗೆ ನಾಲ್ಕು ಪುಟ ಕೊಡುವುದಾಗಿ ಸಂಗಪ್ಪನವರೂ ಒಪ್ಪಿದ್ದರು. ವರ್ಸೋವಾದ ಕೆಫೆಯಲ್ಲಿ ಇದನ್ನೆಲ್ಲ ಹೇಳಿದಾಗ ರಜಿಯಾ ತಲೆಯಾಡಿಸಿದಳು.

"ನನ್ನ ಬಿಡ್ರಿ ಅಕ್ಕಾ. ನಾಕ ದಿನಾ, ದಿನಕ್ಕ ಮೂರು ಊಟ. ನನ್ನಿಂದ ಆಗೂದಿಲ್ಲ."

"ಊಟ ಮಾಡೋಕೆ ಆಗಲ್ಲ ಅಂದ್ರೆ ಏನೇ?"

"ಆಗೂದಿಲ್ರಿ."

ನನಗೆ ಪಿತ್ತ ನೆತ್ತಿಗೇರಿತು. "ಈಗೀಗ ನಿನಗೆ ಯಾವುದೂ ರುಚಿಸಲ್ಲ ಕಣೆ. ಮುಂಚೆ ಒಂದು ಚಮಚಕ್ಕೆ ಹತ್ತು ಮಾತಾಡೋಳು, ಈಗ ಎದುರು ಕುರ್ಚಿ ತುಂಬಿಸೋಕೆ ಬಂದೋಳ ಹಾಗೆ ಕೂತಿರ್ತೀಯ. ಅದಕ್ಕೆ ನೀನೇ ಯಾಕೆ ಬೇಕು?"

ರಜಿಯಾ ತಂಪು ಕನ್ನಡಕವನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಬ್ಯಾಗಿಗೆ ಹಾಕಿದಳು. "ಖರೇ ಐತ್ರಿ" ಅಂದಳು. ಎದ್ದು ಹೋದಳು. ಅವತ್ತೂ ಅವಳ ಪಾಲಿನ ಸ್ವೀಟು ಮೇಜಿನ ಮೇಲೇ ಉಳಿಯಿತು. ನಾನು ತಿನ್ನಲಿಲ್ಲ. ಸ್ವಾಭಿಮಾನ ಅಂದುಕೊಂಡೆ.

ಫೆಬ್ರವರಿಯ ಮೊದಲ ಶನಿವಾರ ಒಬ್ಬಳೇ ಹೋದೆ. ಪರೇಲ್‌ನಲ್ಲಿ ಹೊಸದಾಗಿ ತೆರೆದ ಜಾಗ, ಜನ ಸಾಲು ನಿಂತಿದ್ದರು. ದೀಪ, ಕುರ್ಚಿ, ಪರದೆ ಎಲ್ಲ ನೋಡಿದೆ. ತಟ್ಟೆ ಬಂತು, ತಿಂದೆ, ಚೆನ್ನಾಗಿತ್ತು. ಮನೆಗೆ ಬಂದು ಬರೆಯಲು ಕೂತರೆ ಚೆನ್ನಾಗಿತ್ತು ಎಂಬುದರ ಆಚೆ ಒಂದು ಅಕ್ಷರ ಹುಟ್ಟಲಿಲ್ಲ. ಕೊನೆಯ ವಾಕ್ಯಕ್ಕೆ ಗೆಳತಿಯಿಲ್ಲ. ಆ ತಿಂಗಳು ಅಂಕಣ ಇಲ್ಲದೆ ಪತ್ರಿಕೆ ಬಂತು. ಉದಯಪುರದ ಟಿಕೆಟ್ಟೂ ರದ್ದಾಯಿತು.

ಮಾರ್ಚಿನಲ್ಲಿ ಅವಳ ಮನೆಗೆ ಹೊರಟೆ. ಪಶ್ಚಾತ್ತಾಪದಿಂದ ಹೊರಟೆ ಅಂದರೆ ಓದುವವರು ನನ್ನನ್ನು ಒಳ್ಳೆಯವಳು ಅಂದುಕೊಂಡಾರು. ಅವಳು ಬೇಕಾಗಿದ್ದಳು, ನಿಜ. ಅವಳ ನಾಲಿಗೆಯೂ ಬೇಕಾಗಿತ್ತು, ಅದೂ ನಿಜ. ನಾನು ಎರಡು ಹೆಜ್ಜೆ ಹೋದರೆ ಅವಳು ಒಂದು ಹೆಜ್ಜೆ ಬರಲಿ, 'ತಪ್ಪಾತ್ರಿ ಅಕ್ಕಾ' ಅನ್ನಲಿ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡೇ ದಾದರಿನಲ್ಲಿ ಖರ್ಜೂರದ ಡಬ್ಬಿ ಕೊಂಡು ಬೊರಿವಲಿ ಲೋಕಲ್ ಹತ್ತಿದೆ. ರಮಜಾನ್ ತಿಂಗಳು. ಇಫ್ತಾರಿನ ಹೊತ್ತಿಗೆ ಬಂದವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ ಎಂಬುದನ್ನೂ ಲೆಕ್ಕ ಹಾಕಿದ್ದೆ.

ಹತ್ತು ವರ್ಷದಲ್ಲಿ ಅವಳ ಮನೆಗೆ ನಾನು ಹೋಗಿದ್ದು ಎರಡು ಸಲ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಬಿಲ್ಡಿಂಗು, ಮೂರನೇ ಮಾಳಿಗೆ. ಬಾಗಿಲು ತೆಗೆದವಳು ಶಿರೀನ್. "ಅರೇ, ಆಂಟಿ! ಬನ್ನಿ, ಬನ್ನಿ" ಎಂದು ಒಳಗೆ ಕೂಗಿ ಹೇಳಿದಳು. ನಿಜಾಮುದ್ದೀನ ಆಗಲೇ ಮಸೀದಿಗೆ ಹೋಗಿದ್ದ. ಅಡುಗೆಮನೆಯಲ್ಲಿ ರಜಿಯಾ ದೊಡ್ಡ ಪಾತ್ರೆಯ ಮುಂದೆ ನಿಂತಿದ್ದಳು. ಮನೆಯ ಹಳೇ ಚೂಡಿದಾರ, ತಲೆಗೆ ಬಿಗಿದ ದುಪಟ್ಟಾ. ಅವಳನ್ನು ಕನ್ನಡಕ, ಲಿಪ್‌ಸ್ಟಿಕ್ ಇಲ್ಲದೆ ನೋಡಿ ನನಗೆ ಯಾರೋ ಬೇರೆಯವರನ್ನು ನೋಡಿದ ಹಾಗಾಯಿತು.

"ಬರ್ರಿ ಅಕ್ಕಾ" ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಕಾದಿದ್ದ ಸಂಭ್ರಮವೂ ಇರಲಿಲ್ಲ.

ಅಡುಗೆ ಕಟ್ಟೆಯ ಇನ್ನೊಂದು ಕಡೆ, ಹಣೆಗೆ ವಿಭೂತಿ ಹಚ್ಚಿದ ಒಬ್ಬ ಹೆಂಗಸು ತನ್ನ ಮನೆಯಲ್ಲಿರುವ ಹಾಗೆ ನಿಂತಿದ್ದಳು. ಪಕ್ಕದ ಮನೆಯ ಶಿವಕುಮಾರಿ, ಬಾಗಲಕೋಟೆ ಕಡೆಯವಳು. ರಜಿಯಾ ಬೇಳೆಯ ಸಾರನ್ನು ಒಂದು ಬಟ್ಟಲಿಗೆ ಬಗ್ಗಿಸಿ ಕೊಟ್ಟಳು. ಶಿವಕುಮಾರಿ ಊದಿ ಕುಡಿದು, "ಉಪ್ಪ ಒಂಚೂರು ಕಮ್ಮಿ ಐತವಾ. ಹುಳಿ ಸಾಕು" ಅಂದಳು. ರಜಿಯಾ ಚಿಟಿಕೆ ಉಪ್ಪು ಹಾಕಿ ಮತ್ತೆ ಬಗ್ಗಿಸಿದಳು. ಮತ್ತೆ ಕುಡಿದು, "ಹಾಂ, ಈಗ ಹಿಡೀತು" ಅಂದಳು.

ನನಗೆ ಅರ್ಥವಾಯಿತು ಎಂದುಕೊಂಡೆ. ರೋಜಾ ಉಪವಾಸ ಹಿಡಿದವರು ಅಡುಗೆಯ ಉಪ್ಪು ನೋಡುವಂತಿಲ್ಲ, ಹಾಗಾಗಿ ಉಪವಾಸವಿಲ್ಲದ ನೆರೆಯವಳು ನೋಡುತ್ತಾಳೆ. ಎಂಥ ಚಂದದ ಪದ್ಧತಿ! ತಕ್ಷಣ ತಲೆಯಲ್ಲಿ ಅಂಕಣ ಶುರುವಾಯಿತು. ಒಬ್ಬರ ಉಪವಾಸಕ್ಕೆ ಇನ್ನೊಬ್ಬರ ನಾಲಿಗೆ. ಕೈ ತಾನಾಗಿ ಬ್ಯಾಗಿನಲ್ಲಿದ್ದ ಫೋನಿಗೆ ಹೋಯಿತು. ಶಿವಕುಮಾರಿ ಬಟ್ಟಲು ಹಿಡಿದಿರುವ ಫೋಟೋ ಒಂದು ಸಿಕ್ಕರೆ ಸಾಕು ಎಂದು ಜಾಗ ನೋಡತೊಡಗಿದೆ.

ಶಿರೀನ್ ನನ್ನನ್ನು ಹೊರಗಿನ ಕೋಣೆಗೆ ಕರೆತಂದು ಕೂರಿಸಿದಳು. ಚಾಪೆ ಹಾಸಿ ಹಣ್ಣಿನ ತಟ್ಟೆ ಜೋಡಿಸುತ್ತಿದ್ದವಳಿಗೆ ನಾನು ಹೇಳಿದೆ: "ಎಷ್ಟು ಚೆನ್ನಾಗಿದೆ ಕಣೇ ಇದು. ರೋಜಾ ಇದ್ದಾಗ ಶಿವಕುಮಾರಿಯವರು ಬಂದು ಉಪ್ಪು ನೋಡೋದು. ಇದನ್ನ ಬರೀಬೇಕು ನಾನು."

ಶಿರೀನ್ ಕೈ ನಿಲ್ಲಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ತಡವರಿಸುತ್ತಾಳೆ. "ರೋಜಾ ಅಂತ ಅಲ್ಲ ಆಂಟಿ. ಶಿವಕುಮಾರಿ ಚಾಚಿ ಡೈಲಿ ಬರ್ತಾರೆ. ಈದ್ ಆದ್ಮೇಲೆ ಭೀ ಬರ್ತಾರೆ. ಅಮ್ಮಿಗೆ ಟೇಸ್ಟೇ ಬರೋದಿಲ್ಲ ನಾ."

"ಬರೋದಿಲ್ಲ ಅಂದ್ರೆ?"

"ಟೇಸ್ಟ್ ನಹೀ, ಸ್ಮೆಲ್ ಭೀ ನಹೀ. ಆ ಫೀವರ್ ಬಂತಲ್ಲ, ತಬ್ ಸೇ. ತೀನ್ ಸಾಲ್ ಆಯ್ತು. ಡಾಕ್ಟರ್‌ಗೆ ತೋರಿಸಿದ್ವಿ, ಕುಛ್ ನಹೀ ಹುವಾ." ಅವಳು ನನ್ನ ಮುಖ ನೋಡಿ ದನಿ ಇಳಿಸಿದಳು. "ನಿಮಗೆ ಗೊತ್ತಿಲ್ಲಾ? ನೀವು ಅಮ್ಮಿದು ಬೆಸ್ಟ್ ಫ್ರೆಂಡ್ ಅಲ್ವಾ?"

ಮೂರು ವರ್ಷ. ಮೂವತ್ತಕ್ಕೂ ಹೆಚ್ಚು ಮೇಜು. ಅಷ್ಟೂ ಮೇಜುಗಳಲ್ಲಿ ಅವಳು ನನ್ನೆದುರು ಕೂತು ತಟ್ಟೆ ಖಾಲಿ ಮಾಡಿದ್ದಳು. ಹಾಗಾದರೆ ನನ್ನ ಅಂಕಣದ ಕೊನೆಯ ವಾಕ್ಯಗಳು? ಅವನ್ನು ನಾನು ಬಾಯಿಪಾಠ ಒಪ್ಪಿಸಬಲ್ಲೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬಾಯಿಗಿಟ್ಟರೆ ತಣ್ಣಗೆ ಜಾರುತ್ತದೆ. ಬಿಸಿ ನಾಲಿಗೆಗೆ ತಟ್ಟುತ್ತದೆ, ಹಲ್ಲಿಗೆ ಕುರುಕಲು ಸಿಗುತ್ತದೆ. ಮೂರು ವರ್ಷದಲ್ಲಿ ಒಂದು ಸಲವೂ ಹುಳಿಯಿಲ್ಲ, ಸಿಹಿಯಿಲ್ಲ, ಖಾರವಿಲ್ಲ, ಹೊತ್ತ ಜೀರಿಗೆಯಿಲ್ಲ. ಬಿಸಿ ತಣ್ಣಗೆ, ಮೆತ್ತಗೆ ಗಟ್ಟಿ, ಅಷ್ಟೇ. ಅವಳು ತನಗೆ ಉಳಿದದ್ದನ್ನೆಲ್ಲ ಹೇಳುತ್ತಲೇ ಇದ್ದಳು. ನಾನು ಬರೆದುಕೊಳ್ಳುತ್ತಲೇ ಇದ್ದೆ. ಅಚ್ಚು ಹಾಕಿಸಿ ಸಾವಿರ ಮನೆಗೆ ಕಳಿಸಿದೆ. ರಜಿಯಾಳ ಮಾತಿಗೆ ಈಗೀಗ ಹೊಸ ಹದ ಬಂದಿದೆ ಎಂದು ಸಂಗಪ್ಪನವರ ಹತ್ತಿರ ಹೊಗಳಿಕೊಂಡೂ ಇದ್ದೆ.

ಮಸೀದಿಯ ಬಾಂಗಿಗೆ ಇನ್ನೂ ಹತ್ತು ನಿಮಿಷವಿತ್ತು. ನಾನು ಅಡುಗೆಮನೆಗೆ ಎದ್ದು ಹೋದೆ. ಶಿವಕುಮಾರಿ ನನ್ನನ್ನು ನೋಡಿ ತಟ್ಟೆ ಎತ್ತಿಕೊಂಡು ಆಚೆ ನಡೆದಳು. ಮನುಷ್ಯರ ಮುಖ ಓದಲು ಬರುವ ಹೆಂಗಸು.

"ಯಾಕೆ ಹೇಳಲಿಲ್ಲ ರಜಿಯಾ?"

ಅವಳಿಗೆ ಏನು ಕೇಳಿದೆನೆಂದು ತಿಳಿಯಿತು. ಪಾತ್ರೆಗೆ ಮುಚ್ಚಳ ಹಾಕಿದಳು. "ಮೂರ ಸಲ ಹೇಳಾಕ ಬಂದೆನ್ರಿ" ಅಂದಳು. ಕಡ್ಡಿ ಮುರಿದ ಹಾಗೇನೂ ಅಲ್ಲ, ಮೆತ್ತಗೇ ಅಂದಳು.

"ಕಿಚನ್ನಿನಲ್ಲಿ ಹೇಗೆ ನಡೆಸಿದೆ?"

"ಪರಪ್ಪ ಇದ್ದನಲ್ರಿ, ನಮ್ಮ ಹಳೇ ಅಡಗಿಯವ. ಅವಗ ಅಷ್ಟ ಗೊತ್ತಿತ್ತು. ನಾ ಮುಚ್ಚಳಾ ತಗದು ನೋಡೂದು, ಅಂವ ರುಚಿ ನೋಡಿ ಕಣ್ಣಾಗ ಸನ್ನಿ ಮಾಡೂದು. ಅಕ್ಟೋಬರದಾಗ ಅಂವ ರಿಟೈರ್ ಆದ. ಬ್ಯಾನಿ ಬಿದ್ದವರ ಊಟ ಅಕ್ಕಾ ಅದು. ಉಪ್ಪು ಬ್ಯಾಡ ಅಂದವ್ರಿಗೆ ಉಪ್ಪು ಹ್ವಾದ್ರ? ಹೆದರಿಕಿ ಆತು. ಬಿಟ್ಟೆ."

ಅವಳು ಬಿಟ್ಟಾಗ ಆಸ್ಪತ್ರೆಯ ಲಿನನ್ ಸ್ಟೋರಿನಲ್ಲಿ ಸೂಪರ್‌ವೈಸರ್ ಜಾಗ ಎಂಟು ತಿಂಗಳಿಂದ ಖಾಲಿ ಇತ್ತು. ಬೆಡ್‌ಶೀಟು ಎಣಿಸಲು ನಾಲಿಗೆ ಬೇಕಿಲ್ಲ. ಒಂದು ಮಾತು ಕಿವಿಗೆ ಬಿದ್ದಿದ್ದರೆ ಒಂದು ವಾರದಲ್ಲಿ ಅವಳನ್ನು ಅಲ್ಲಿಗೆ ಹಾಕಿಸುತ್ತಿದ್ದೆ. ಆ ಕಾಗದವೂ ನನ್ನ ಮೇಜಿನ ಮೇಲೇ ಇತ್ತು, ಅವಳ ರಾಜೀನಾಮೆಯೂ ಅದೇ ಮೇಜಿನ ಮೇಲೆ ಇತ್ತು, ನಡುವೆ ಒಂದು ಗೇಣು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೋದ ತಿಂಗಳು ಆ ಜಾಗವೂ ತುಂಬಿಹೋಗಿತ್ತು. ಇದನ್ನು ಅವಳಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ, ಇನ್ನೂ ಹೇಳಿಲ್ಲ.

"ರುಚಿಯೇ ಇಲ್ಲದೆ ಮೂರು ವರ್ಷ ಯಾಕೆ ಬರ್ತಿದ್ದೆ? ಊಟ ಅಂದ್ರೆ ನಿನಗೆ ಮಣ್ಣು ತಿಂದ ಹಾಗೆ ಆಗ್ತಿರಲಿಲ್ವಾ?"

"ಮಣ್ಣೇನಲ್ರಿ. ಹತ್ತಿ ತಿಂದಂಗ." ಅವಳು ದುಪಟ್ಟಾದ ತುದಿಯಿಂದ ಕಟ್ಟೆ ಒರೆಸಿದಳು. "ನಾ ಊಟಕ್ಕ ಎಲ್ಲಿ ಬರ್ತಿದ್ನಿ ಅಕ್ಕಾ? ನಿಮ್ಮ ಎದರ ಕೂಡಾಕ ಬರ್ತಿದ್ನಿ. ಒಂದಿನ ಕೇಳ್ತೀರಿ ಅಂತ ಇತ್ತು. ನಾ ನಿಮ್ದು ಕೇಳಿದಂಗ."

ನನ್ನ ಕಣ್ಣು ತುಂಬಿ ಬಂತು. ಹಳೇ ಅಭ್ಯಾಸದಿಂದ ಅವಳ ಕೈ ನೀರಿನ ಗ್ಲಾಸಿಗೆ ಹೋಯಿತು, ನನ್ನ ಕಡೆ ಸರಿಸಿತು. ರೋಜಾ ಹಿಡಿದು ಹನಿ ನೀರು ಕುಡಿಯದ ಅವಳು ನನಗೆ ನೀರು ಕೊಡುತ್ತಿದ್ದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಈಗ ಹೇಳು ರಜಿಯಾ. ಆ ಹಾಳು ರೂಲ್ ಇಲ್ಲ ಇನ್ನು. ಮುಂದಿನ ಶನಿವಾರ ಎಲ್ಲಿಗಾದ್ರೂ ಹೋಗೋಣ, ಊಟ ಬೇಡ, ಸುಮ್ನೆ ಎಲ್ಲಾದ್ರೂ ಕೂರೋಣ. ಎಲ್ಲಾ ಹೇಳು ನಂಗೆ."

ಅವಳು ಸ್ವಲ್ಪ ಯೋಚಿಸಿದಳು. ನನ್ನನ್ನು ನೋಯಿಸಬಾರದು ಎಂಬ ಯೋಚನೆ ಅದು. "ಶನಿವಾರ ನಾ ಶಿವಕುಮಾರಿ ಜೋಡಿ ಇರ್ತೀನ್ರಿ. ಸ್ಟೇಷನ್ ಬಾಜೂ ಗಾರ್ಡನ್ ಐತಲ್ಲ, ಅಲ್ಲಿ ಕೂಡ್ತೀವಿ, ಸಂಜಿ ಆಗೂತನಾ. ಎಲ್ಲಾ ಆಕಿ ಮುಂದ ಹೇಳಿ ಆಗೇತ್ರಿ. ಅದನ್ನ ಮತ್ತ ಹೇಳೂದು ಅಂದ್ರ..." ಮಾತು ಅಲ್ಲಿಗೇ ಬಿಟ್ಟಳು. "ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಕ್ಕಾ. ಖರೇ ಹೇಳ್ತೀನಿ."

ಸಿಟ್ಟಿದ್ದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಸಿಟ್ಟು ಇಳಿಯುತ್ತದೆ. ಇದು ಮುಗಿದಿತ್ತು.

ಬಾಂಗ್ ಆಯಿತು. ನಾಲ್ವರೂ ಚಾಪೆಯ ಮೇಲೆ ಕೂತೆವು. ರಜಿಯಾ ಖರ್ಜೂರ ಬಾಯಿಗಿಟ್ಟು ಕಣ್ಣು ಮುಚ್ಚಿದಳು, ಥೇಟ್ ಫೋರ್ಟಿನ ಆ ಹೋಟೆಲಿನಲ್ಲಿ ದಾಲ್ ಬಾಯಿಗಿಟ್ಟಾಗ ಮುಚ್ಚಿದ ಹಾಗೆ. ಈ ಸಲ ಅದು ಪ್ರಾರ್ಥನೆ. ಹಣ್ಣು, ಪಕೋಡ, ಸಾರು. ತಾಯಿ ಮಗಳು ಹಸಿದಿದ್ದರು, ಮಾತು ಕಡಿಮೆ. ನಾನು ಫೋಟೋ ತೆಗೆಯಲಿಲ್ಲ. ತಟ್ಟೆಯಲ್ಲಿದ್ದುದರ ರುಚಿ ನನಗೂ ತಿಳಿಯಲಿಲ್ಲ, ಹತ್ತಿ ತಿಂದಂಗ ಅಂದದ್ದೇ ಕಿವಿಯಲ್ಲಿತ್ತು.

ಕೊನೆಗೆ ಶಿರೀನ್ ಮಣ್ಣಿನ ಕುಡಿಕೆಗಳಲ್ಲಿ ಫಿರ್ನಿ, ಅಕ್ಕಿ ಹಾಲಿನ ತಣ್ಣನೆಯ ಸಿಹಿ, ತಂದು ಒಬ್ಬೊಬ್ಬರ ಮುಂದೆ ಇಟ್ಟಳು. ಹೊಟ್ಟೆ ತುಂಬಿ ರಜಿಯಾಳ ಮುಖಕ್ಕೆ ಗೆಲುವು ಬಂದಿತ್ತು. ನನ್ನ ಮನಸ್ಸು ಹಗುರ ಮಾಡಲೆಂದೋ ಏನೋ, ಅವಳಾಗಿಯೇ ಬಾಯಿ ತೆರೆದಳು.

"ಮೊದಲನೇ ದಿನಾ ಹೆಂಗಾತು ಗೊತ್ತೇನ್ರಿ ಅಕ್ಕಾ? ಜ್ವರಾ ಬಿಟ್ಟ ಮ್ಯಾಲ ಮನ್ಯಾಗ ಚಾ ಮಾಡ್ಕೊಂಡೆ. ಯಾಲಕ್ಕಿ ಹಾಕಿದ್ನಿ. ವಾಸನೀನ ಬರಲಿಲ್ಲ. ಯಾಲಕ್ಕಿ ಹಳೇದಾಗೇತಿ ಅಂತ ಡಬ್ಬಿ ತಗದು ಚೆಲ್ಲಿಬಿಟ್ಟೆ..."

ಹೇಳುತ್ತ ಹೇಳುತ್ತ ಅವಳ ಕೈ ತಾನಾಗಿ ಮುಂದೆ ಬಂತು. ತನ್ನ ಕುಡಿಕೆಯನ್ನು ಚಾಪೆಯ ಮೇಲೆ ನನ್ನ ಕಡೆ ಸರಿಸಿತು.

ನಾವಿಬ್ಬರೂ ಆ ಕುಡಿಕೆಯನ್ನು ನೋಡಿದೆವು. ಮೊದಲು ನಕ್ಕವಳು ಅವಳೇ. "ನೋಡ್ರಿ, ರೂಢಿ ಆಗಿಬಿಟ್ಟೈತಿ" ಅಂದಳು. ನಾನು ಅದನ್ನು ಅವಳ ಕಡೆಗೆ ವಾಪಸು ತಳ್ಳಿದೆ. ಅವಳು ಮತ್ತೆ ನನ್ನ ಕಡೆ ಸರಿಸಿದಳು. "ತಿನ್ರಿ. ನನಗೇನು, ಬರೇ ತಣ್ಣಗ ಐತಿ."

ಶಿವಕುಮಾರಿ ತನ್ನ ಕುಡಿಕೆಯಿಂದ ತಲೆ ಎತ್ತಲಿಲ್ಲ. ಶಿರೀನ್ ಫೋನಿನಲ್ಲಿದ್ದಳು. ನಾನು ಚಮಚ ಎತ್ತಿ ರಜಿಯಾಳ ಪಾಲಿನ ಫಿರ್ನಿ ಬಾಯಿಗಿಟ್ಟೆ.

"ಸಕ್ಕರಿ ಸಾಕಾಗೇತೇನ್ರಿ?" ಎಂದು ಕೇಳಿದಳು. ನಿಜವಾಗಿ ತಿಳಿಯಬೇಕಾಗಿತ್ತು ಅವಳಿಗೆ. ಮುಂದೆ ಬಾಗಿ ನನ್ನ ಬಾಯನ್ನೇ ನೋಡುತ್ತಿದ್ದಳು.

ಹತ್ತು ವರ್ಷ ರುಚಿಯ ಬಗ್ಗೆ ಪುಟಗಟ್ಟಲೆ ಬರೆದವಳು ನಾನು. "ಸಾಕಾಗಿದೆ ರಜಿಯಾ" ಅಂದೆ. ಯಾಲಕ್ಕಿ ಕೇಳಿದಳು. ಯಾಲಕ್ಕಿಯೂ ಇದೆ, ಹೊಸದು ಅಂದೆ.